ಹಳೆಯ ಫೋರ್ ವೀಲ್ ಡ್ರೈವ್ ಕೊಳ್ಳುವ ಮುಂಚೆ ಗಾಡಿಯ ಅಡಿಗೆ ಹೋಗಿ ನೋಡಿ

ಇಪ್ಪತ್ತು ವರ್ಷ ಹಳೆಯ ಡೀಸೆಲ್ ಫೋರ್ ವೀಲ್ ಡ್ರೈವ್ ಗಾಡಿ ನೋಡಿದ್ದೇನೆ, ಪೇಂಟ್ ಹೊಸದು, ಎಂಜಿನ್ ಚೆನ್ನಾಗಿದೆ ಅಂತ ಮಾರುವವರು ಹೇಳುತ್ತಿದ್ದಾರೆ, ಕೊಳ್ಳಲೇ, ಕೊಂಡರೆ ಮೊದಲು ಗಾಡಿಯನ್ನು ಎತ್ತರಿಸುವ ಲಿಫ್ಟ್ ಕಿಟ್ ಹಾಕಿಸಲೇ ಅಥವಾ ದೊಡ್ಡ ಟೈರ್ ಹಾಕಿಸಲೇ ಎಂದು ಕೇಳಿದ್ದೀರಿ. ಚಾಸಿ, ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು, ಹೇಗಿದೆ ಎಂದು ನೀವು ಬರೆದಿಲ್ಲ. ನಾನಾದರೆ ಬೇರೆ ಏನನ್ನೂ ನೋಡುವ ಮುಂಚೆ ಅದನ್ನೇ ನೋಡುತ್ತೇನೆ.

ಇಂಥ ಗಾಡಿಗಳನ್ನು ಬಿಚ್ಚಿ ಕಟ್ಟುವ ಕೆಲಸದಲ್ಲಿ ಬಹಳ ವರ್ಷಗಳಿಂದ ಇದ್ದೇನೆ. ಎಂಜಿನ್ ಸೋತಿದ್ದರೆ ಇಳಿಸಿ ರೀಬೋರ್ ಮಾಡಿಸಬಹುದು, ಗೇರ್‌ಬಾಕ್ಸ್ ಬೇರೆ ತಂದು ಕೂರಿಸಬಹುದು. ಆದರೆ ಅವೆಲ್ಲ ಕೂರುವುದು ಚಾಸಿಯ ಮೇಲೆ. ಅದಕ್ಕೆ ತುಕ್ಕು ಒಳಗಿನಿಂದ ಹಿಡಿದಿದ್ದರೆ ನೀವು ಹಾಕುವ ಹಣವೆಲ್ಲ ನಷ್ಟ. ಒಳ್ಳೆಯ ಹೆಸರಿನ ಗಾಡಿಗೂ ಇದರಿಂದ ವಿನಾಯಿತಿ ಇಲ್ಲ. ಟೊಯೋಟಾದ ಟಕೋಮಾ, ಟಂಡ್ರಾ, ಸೆಕೋಯಾ ಗಾಡಿಗಳ ಚಾಸಿ ತುಕ್ಕಿನ ವಿಷಯ ಅಮೆರಿಕದಲ್ಲಿ ಕೋರ್ಟಿನವರೆಗೂ ಹೋಗಿ, 2016ರಲ್ಲಿ ರಾಜಿಯಾಗಿ, ತೀರಾ ಹಾಳಾದ ಚಾಸಿಗಳನ್ನೇ ಬದಲಿಸಿಕೊಡಲು ಕಂಪನಿ ಒಪ್ಪಬೇಕಾಯಿತು.

ಹಾಗಾಗಿ ಒಂದು ಟಾರ್ಚ್, ಒಂದು ಚಿಕ್ಕ ಸುತ್ತಿಗೆ, ಒಂದು ಸ್ಕ್ರೂಡ್ರೈವರ್ ಹಿಡಿದು ಗಾಡಿಯ ಅಡಿಗೆ ಹೋಗಿ. ಚಾಸಿಯ ಉದ್ದಕ್ಕೂ ಮೆಲ್ಲಗೆ ಬಡಿಯುತ್ತಾ ಬನ್ನಿ. ಗಟ್ಟಿ ಕಬ್ಬಿಣ ಖಣಖಣ ಅನ್ನುತ್ತದೆ, ತುಕ್ಕು ತಿಂದದ್ದು ಬದ್ದ ಅನ್ನುತ್ತದೆ. ಹಿಂದಿನ ಆಕ್ಸಲ್ ಮೇಲೆ ಚಾಸಿ ಬಾಗುವ ಜಾಗ, ಲೀಫ್ ಸ್ಪ್ರಿಂಗಿನ ಕೊಂಡಿಗಳು ಸೇರುವ ಜಾಗ, ಬಾಡಿ ಕೂರುವ ಬ್ರಾಕೆಟ್‌ಗಳು, ಸ್ಟೀರಿಂಗ್ ಬಾಕ್ಸ್ ಬೋಲ್ಟ್ ಮಾಡಿರುವ ಜಾಗ, ಇಷ್ಟನ್ನಂತೂ ಬಿಡಬೇಡಿ. ಪೆಟ್ಟಿಗೆಯಂತೆ ಮುಚ್ಚಿದ ಚಾಸಿಯಾದರೆ ಒಳಗೆ ಕೆಸರು ಕೂತು ತೇವ ಹಿಡಿದಿಟ್ಟುಕೊಂಡಿರುತ್ತದೆ, ಹೊರಗೆ ಚೆನ್ನಾಗಿ ಕಂಡರೂ ಒಳಗೆ ಉದುರುತ್ತಿರಬಹುದು. ಮೇಲ್ಮೈಯ ಕೆಂಪು ತುಕ್ಕಿಗೆ ಹೆದರಬೇಕಿಲ್ಲ, ಉಜ್ಜಿ ಬಣ್ಣ ಹೊಡೆದರೆ ಮುಗಿಯಿತು. ಪದರ ಪದರವಾಗಿ ಏಳುತ್ತಿದ್ದರೆ, ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಇಳಿದರೆ, ಗಾಡಿ ಬಿಟ್ಟುಬಿಡಿ. ಅಡಿಭಾಗಕ್ಕೆಲ್ಲ ಮೊನ್ನೆ ಮೊನ್ನೆ ಕಪ್ಪು ಕೋಟಿಂಗ್ ಬಳಿದಿದ್ದರೆ ಅದು ಏನನ್ನು ಮುಚ್ಚಿದೆ ಎಂದು ಕೇಳಿ. ಹೊಸ ಪೇಂಟ್ ಕಂಡಾಗ ನನಗಂತೂ ಸಂತೋಷಕ್ಕಿಂತ ಅನುಮಾನವೇ ಹೆಚ್ಚು.

ಚಾಸಿ ಗಟ್ಟಿಯಾಗಿದ್ದರೆ ಮುಂದಿನ ಪ್ರಶ್ನೆ, ನಾಲ್ಕೂ ಚಕ್ರಕ್ಕೆ ನಿಜವಾಗಿ ಬಲ ಹೋಗುತ್ತಿದೆಯೇ ಎಂಬುದು. ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತಿದ ಮಾತ್ರಕ್ಕೆ ನಂಬಬೇಡಿ. ಮುಂದಿನ ಚಕ್ರಗಳ ನಡುವಿನ ಹಬ್‌ಗಳನ್ನು ಕೈಯಲ್ಲಿ ತಿರುಗಿಸಿ ಲಾಕ್ ಮಾಡುವ ಗಾಡಿಯಾದರೆ ಸುಲಭದ ಪರೀಕ್ಷೆಯಿದೆ. ಸಮತಟ್ಟು ಜಾಗದಲ್ಲಿ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಎರಡೂ ಹಬ್ ಲಾಕ್ ಮಾಡಿ, ಲಿವರನ್ನು ಫೋರ್ ಹೈಗೆ (ನಾಲ್ಕೂ ಚಕ್ರಕ್ಕೆ ಬಲ, ಸಾಮಾನ್ಯ ವೇಗ) ಹಾಕಿ, ಎಂಜಿನ್ ಆಫ್ ಮಾಡಿ ಗೇರಿನಲ್ಲಿ ನಿಲ್ಲಿಸಿ. ಮುಂದಿನ ಒಂದು ಚಕ್ರವನ್ನಷ್ಟೇ ಜಾಕ್ ಕೊಟ್ಟು ಎತ್ತಿ, ಕೈಯಿಂದ ತಿರುಗಿಸಿ ನೋಡಿ. ಸ್ವಲ್ಪ ಅಲ್ಲಾಡಿ ನಿಂತರೆ ಸರಿ. ಸಲೀಸಾಗಿ ಸುತ್ತಿದರೆ ಹಬ್, ಆಕ್ಸಲ್ ಶಾಫ್ಟ್, ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್, ಇವುಗಳ ನಡುವೆ ಎಲ್ಲೋ ಕೊಂಡಿ ತಪ್ಪಿದೆ. ಹಾಗೆ ಎತ್ತಿದ ಗಾಡಿಯ ಅಡಿಗೆ ಮಾತ್ರ ತಲೆ ಹಾಕಬೇಡಿ.

ಆಮೇಲೆ ಮಣ್ಣಿನ ದಾರಿಗೆ ಒಯ್ದು ಫೋರ್ ಲೋನಲ್ಲಿ (ನಾಲ್ಕೂ ಚಕ್ರಕ್ಕೆ ಬಲ, ನಿಧಾನ ವೇಗ, ಹೆಚ್ಚು ಎಳೆತ) ಏರು ಹತ್ತಿಸಿ, ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿಸಿ. ಲಿವರ್ ತಾನಾಗಿ ಹೊರಗೆ ಜಿಗಿಯಬಾರದು. ಒಣಗಿದ ಟಾರು ರಸ್ತೆಯಲ್ಲಿ ಈ ಪರೀಕ್ಷೆ ಬೇಡ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಓಡುತ್ತವೆ. ಬೇಕಾದಾಗ ಮಾತ್ರ ನಾಲ್ಕೂ ಚಕ್ರಕ್ಕೆ ಬಲ ಕೊಡುವ ಪಾರ್ಟ್ ಟೈಮ್ ವ್ಯವಸ್ಥೆಯಲ್ಲಿ ಆ ವ್ಯತ್ಯಾಸವನ್ನು ಸರಿದೂಗಿಸಲು ನಡುವೆ ಡಿಫರೆನ್ಷಿಯಲ್, ಅಂದರೆ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ, ಇರುವುದಿಲ್ಲ. ಮಣ್ಣಿನಲ್ಲಾದರೆ ಚಕ್ರ ಜಾರಿ ಸರಿಹೋಗುತ್ತದೆ, ಟಾರಿನ ಮೇಲೆ ಆ ಒತ್ತಡವೆಲ್ಲ ಗೇರುಗಳ ಮೇಲೆ ಬೀಳುತ್ತದೆ. ಮುಂದೆ ಹಿಂದೆ ಬೇರೆ ಬೇರೆ ಅಳತೆಯ ಟೈರ್ ಹಾಕಿದ್ದರೂ ಇದೇ ಕಥೆ.

ಡಿಫರೆನ್ಷಿಯಲ್ ಆಯಿಲ್ ಹಾಕುವ ಬೋಲ್ಟ್ ಬಿಚ್ಚಿ ಬೆರಳು ಅದ್ದಿ ನೋಡಲು ಬಿಡುತ್ತಾರೇನೋ ಕೇಳಿ. ಆಯಿಲ್ ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ. ಹೊಳೆ ದಾಟುವಾಗ ಬಿಸಿ ಹೌಸಿಂಗ್ ಒಮ್ಮೆಲೇ ತಣ್ಣಗಾಗಿ, ಗಾಳಿಯಾಡುವ ಕೊಳವೆ (ಬ್ರೀದರ್) ಕಟ್ಟಿಕೊಂಡಿದ್ದರೆ, ಆಯಿಲ್ ಸೀಲಿನಿಂದಲೇ ನೀರು ಎಳೆದುಕೊಳ್ಳುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಮೆಲ್ಲಗೆ ಓಡಿಸಿದಾಗ ಮುಂದಿನಿಂದ ಟಕ್ ಟಕ್ ಬಂದರೆ ಮುಂದಿನ ಚಕ್ರಕ್ಕೆ ಬಲ ಒಯ್ಯುವ ಕೀಲು, ಅಂದರೆ ಸಿ.ವಿ. ಜಾಯಿಂಟ್, ಸವೆದಿದೆ. ಗೇರ್ ಬದಲಿಸಿದಾಗ ಕೆಳಗೆ ಠಣ್ ಎಂದರೆ ಸಾಮಾನ್ಯವಾಗಿ ಆಕ್ಸಲ್ಲಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಕೀಲು) ಹೋಗಿರುತ್ತದೆ, ಅದು ಚಿಕ್ಕ ಕೆಲಸ.

ಎಂಜಿನ್ ಬಗ್ಗೆ ಚುಟುಕಾಗಿ ಹೇಳುತ್ತೇನೆ. ನೀವು ಹೋದಾಗ ಎಂಜಿನ್ ತಣ್ಣಗಿರಲೇಬೇಕು, ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆಯಾದರೆ ಇಂಜೆಕ್ಟರ್, ಕಂಪ್ರೆಷನ್ ಅಥವಾ ಹೆಡ್ ಗ್ಯಾಸ್ಕೆಟ್ ಅನುಮಾನಿಸಿ. ಎಂಜಿನ್ ಓಡುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ, ಅಲ್ಲಿಂದ ಹೊಗೆ ಜೋರಾಗಿ ಉಗಿಯುತ್ತಿದ್ದರೆ ಪಿಸ್ಟನ್ ರಿಂಗ್ ಸವೆದಿವೆ.

ಕೊಂಡಿರಿ ಅನ್ನೋಣ. ಲಿಫ್ಟ್ ಕಿಟ್ ಆಸೆಯನ್ನು ಸದ್ಯಕ್ಕೆ ಬದಿಗಿಡಿ. ಮೊದಲ ಹಣ ಬ್ರೇಕಿಗೆ, ಆಮೇಲೆ ಸ್ಟೀರಿಂಗಿಗೆ, ಆಮೇಲೆ ಕೂಲಿಂಗಿಗೆ. ಹಳೆಯ ರಬ್ಬರ್ ಬ್ರೇಕ್ ಹೋಸ್‌ಗಳನ್ನು ನೋಡದೆಯೇ ಬದಲಿಸಿ. ರೇಡಿಯೇಟರ್ ಹೋಸ್, ಥರ್ಮೋಸ್ಟಾಟ್, ಬೆಲ್ಟ್‌ಗಳನ್ನೂ ಬದಲಿಸಿ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ನಾಗಿದ್ದು, ಅದನ್ನು ಯಾವಾಗ ಬದಲಿಸಿದರು ಎಂಬುದಕ್ಕೆ ಬಿಲ್ ಇಲ್ಲದಿದ್ದರೆ, ಬದಲಿಸಿಯೇ ಇಲ್ಲ ಎಂದುಕೊಳ್ಳಿ. ಡೀಸೆಲ್ ಎಂಜಿನ್ನಿನಲ್ಲಿ ಅದು ತುಂಡಾದರೆ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಗುರುತು ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ಆದ ಟೈರ್. ಟೈರಿನ ಗೀರುಗಳು ಇನ್ನೂ ಆಳವಾಗಿದ್ದರೂ ರಬ್ಬರ್ ಬಿರುಕು ಬಿಟ್ಟಿದ್ದರೆ ಇಟ್ಟುಕೊಳ್ಳಬೇಡಿ.

ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡೂ ಡಿಫರೆನ್ಷಿಯಲ್, ಎಲ್ಲದರ ಆಯಿಲ್ ಬದಲಿಸಿ. ಇಲ್ಲಿ ಎರಡು ಮಾತು. ಆಯಿಲ್ ಇಳಿಸುವ ಬೋಲ್ಟ್ ಮುಟ್ಟುವ ಮುಂಚೆ ಹಾಕುವ ಬೋಲ್ಟ್ ಬಿಚ್ಚಿಕೊಳ್ಳಿ, ಅದು ತುಕ್ಕು ಹಿಡಿದು ಕೂತಿದ್ದರೆ ಖಾಲಿಯಾದ ಡಿಫರೆನ್ಷಿಯಲ್ ಇಟ್ಟುಕೊಂಡು ನೀವೂ ಅಲ್ಲೇ ಕೂರಬೇಕಾಗುತ್ತದೆ. ಇನ್ನೊಂದು, ಗೇರ್‌ಬಾಕ್ಸಿಗೆ ಜಿ.ಎಲ್. 4 ದರ್ಜೆಯ ಗೇರ್ ಆಯಿಲ್ ಎಂದು ಮ್ಯಾನುಯಲ್ ಹೇಳಿದ್ದರೆ ಜಿ.ಎಲ್. 5 ಸುರಿಯಬೇಡಿ. ಅದು ಡಿಫರೆನ್ಷಿಯಲ್ಲಿಗೆ ಒಳ್ಳೆಯದು, ಗೇರ್ ಸಲೀಸಾಗಿ ಬೀಳಲು ನೆರವಾಗುವ ಹಿತ್ತಾಳೆಯ ಸಿಂಕ್ರೊ ರಿಂಗ್‌ಗಳಿಗೆ ಒಗ್ಗದಿರಬಹುದು. ಆಯಿಲ್ ಇಳಿಸುವ ಬೋಲ್ಟಿನ ಆಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆ ಹಿಟ್ಟು ಅಂಟಿದ್ದರೆ ಸಹಜ, ಕಬ್ಬಿಣದ ಚೂರು ಸಿಕ್ಕರೆ ಬಿಚ್ಚಿಸಲೇಬೇಕು.

ಇಷ್ಟಾದ ಮೇಲೆ ಗಾಡಿಯನ್ನು ಕಂಪನಿ ಕೊಟ್ಟ ಎತ್ತರದಲ್ಲೇ ಕೆಲವು ತಿಂಗಳು ಓಡಿಸಿ. ಸವೆದ ಬುಷ್ ಬದಲಿಸಿ ಹೊಸ ಶಾಕ್ ಅಬ್ಸಾರ್ಬರ್ ಹಾಕಿದರೇ ನಡಿಗೆ ಎಷ್ಟೋ ಸುಧಾರಿಸುತ್ತದೆ. ಲಿಫ್ಟ್ ಮಾಡಿದರೆ ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗಿ ನಡುಕ ಬರಬಹುದು, ಚಕ್ರವನ್ನು ನೇರಕ್ಕೆ ತರುವ ಓರೆ (ಕ್ಯಾಸ್ಟರ್) ಕಡಿಮೆಯಾಗಿ ಸ್ಟೀರಿಂಗ್ ಅತ್ತಿತ್ತ ಎಳೆಯಬಹುದು. ಟೈರ್ ದೊಡ್ಡದಾದಷ್ಟೂ ಗಾಡಿಯ ಎಳೆತ ಕುಗ್ಗುತ್ತದೆ, ಬ್ರೇಕಿಗೆ ಕೆಲಸ ಹೆಚ್ಚುತ್ತದೆ, ಸ್ಪೀಡೋಮೀಟರ್ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ನೀವು ಹೋಗುವ ದಾರಿಗೆ ಎತ್ತರ ನಿಜವಾಗಿ ಸಾಲದೆ ಬಂದಾಗ ಮಾಡಿಸಿ. ಅಲ್ಲಿಯವರೆಗೆ ತಿಂಗಳಿಗೊಮ್ಮೆ ಮಣ್ಣಿನ ದಾರಿಯಲ್ಲಿ ಹಬ್ ಲಾಕ್ ಮಾಡಿ ಲಿವರನ್ನು ಫೋರ್ ಹೈಗೆ ಹಾಕಿ ಸ್ವಲ್ಪ ದೂರ ಓಡಿಸುತ್ತಿರಿ, ಮುಂದಿನ ಆಕ್ಸಲ್ಲಿನೊಳಗೆ ಆಯಿಲ್ ಓಡಾಡುತ್ತದೆ, ಸೀಲುಗಳು ಒಣಗುವುದಿಲ್ಲ.