ಶೇ 20, ಸರಿ. ಯಾವುದರ ಶೇ 20?

ಕೂಡೋದು, ಭಾಗಿಸೋದು ಬರುತ್ತೆ, ಲೆಕ್ಕವನ್ನ ವಾಕ್ಯದಲ್ಲಿ ಕೊಟ್ಟರೆ ಮಾತ್ರ ತಲೆ ಓಡಲ್ಲ, ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಪರೀಕ್ಷೆಗೆ ಶಾರ್ಟ್‌ಕಟ್ ಸೂತ್ರ ಕೊಡಿ ಅಂತ ಕೇಳಿದ್ದೀರಿ. ನಾನೂ ಇದನ್ನೇ ಕೇಳಿಕೊಂಡು ತಿರುಗಿದವನು. ಸೂತ್ರ ಕೊಡಲ್ಲ. ಸೂತ್ರ ಬಾಯಿಪಾಠ ಇದ್ದೂ ನನಗೆ ಮಾರ್ಕ್ಸ್ ಹೋಗಿದ್ದು ಇಂಥ ಲೆಕ್ಕದಲ್ಲಿ:

"ಶೇ 20 ರಿಯಾಯಿತಿ ಕೊಟ್ಟು ಒಂದು ಸೀರೆಯನ್ನು 960 ರೂಪಾಯಿಗೆ ಮಾರಿದರೆ, ಅದರ ನಮೂದಿತ ಬೆಲೆ ಎಷ್ಟು?"

960ರ ಶೇ 20 ಅಂದ್ರೆ 192. ಕೂಡಿದರೆ 1152. ಆಯ್ಕೆಗಳಲ್ಲಿ 1152 ಕೂತಿರುತ್ತೆ. ನಾವು ಎಲ್ಲಿ ಜಾರುತ್ತೇವೆ ಅನ್ನೋದು ಪ್ರಶ್ನೆ ತೆಗೆಯೋರಿಗೆ ಚೆನ್ನಾಗಿ ಗೊತ್ತು. ತಾಳೆ ನೋಡಿದ್ದರೆ ಅರ್ಧ ನಿಮಿಷದ ಕೆಲಸ. 1152ರ ಶೇ 20, ಅಂದ್ರೆ 230.40 ಕಳೆಯಿರಿ. ಉಳಿಯೋದು 921.60. ಸೀರೆ ಮಾರಿದ್ದು 960ಕ್ಕೆ!

ಅಂಗಡಿಯವನು ರಿಯಾಯಿತಿ ಬಿಡೋದು ಚೀಟಿಯಲ್ಲಿರೋ ಬೆಲೆಯ, ಅಂದ್ರೆ ನಮೂದಿತ ಬೆಲೆಯ ಮೇಲೆ. ಆ ಬೆಲೆ ನಮಗೆ ಗೊತ್ತಿಲ್ಲ. ಗೊತ್ತಿರೋ ಸಂಖ್ಯೆ 960 ಒಂದೇ, ಹಾಗಾಗಿ ಕೈ ಅದಕ್ಕೇ ಶೇಕಡಾ ಅಂಟಿಸಿಬಿಡುತ್ತೆ. ಪೆನ್ನು ಎತ್ತೋ ಮೊದಲು 'ಇಲ್ಲಿ ನೂರು ಯಾವುದು?' ಅಂತ ಕೇಳಿಕೊಳ್ಳಿ. ಚೀಟಿಯ ಬೆಲೆ 100 ಭಾಗ. 20 ಬಿಟ್ಟರೆ 80. ಆ 80 ಭಾಗ 960 ಆದರೆ, ಒಂದು ಭಾಗ 12, ನೂರು ಭಾಗ 1200. ತಾಳೆ: 1200ರಲ್ಲಿ 240 ಹೋದರೆ 960.

ಅಂಗಡಿ ಬಿಲ್ಲಿನಲ್ಲೂ ಇದೇ ಕಥೆ. ಶೇ 18 ಜಿಎಸ್‌ಟಿ ಸೇರಿ 1180 ರೂಪಾಯಿ ಅಂದ್ರೆ ತೆರಿಗೆ 212.40 ಅಲ್ಲ, 180. ಯಾಕಂದ್ರೆ 1180 ಅನ್ನೋದು 118 ಭಾಗ.

ನೂರು ಯಾವುದು ಅಂತ ಕನ್ನಡ ವಾಕ್ಯವೇ ಎಷ್ಟೋ ಸಲ ಹೇಳಿಬಿಡುತ್ತೆ. 'ಶೇ' ಅನ್ನೋದಕ್ಕೆ ಹಿಂದಿನ ಪದದ ಬಾಲ ನೋಡಿ: ಬೆಲೆಯ, ಬೆಲೆಗಿಂತ, ಬೆಲೆಯ ಮೇಲೆ. ಆ ಪದವೇ ನೂರು. ಸೀರೆ ಲೆಕ್ಕದಲ್ಲಿ ಅಂಥ ಪದವೇ ಇಲ್ಲ, ಅಲ್ಲೇ ಇರೋದು ಕಿತಾಪತಿ. ನಾವೇ ತುಂಬಿಕೊಳ್ಳಬೇಕು: ರಿಯಾಯಿತಿ ನಮೂದಿತ ಬೆಲೆಯ ಮೇಲೆ, ಲಾಭ-ನಷ್ಟ ಕೊಂಡ ಬೆಲೆಯ ಮೇಲೆ. '800 ರೂಪಾಯಿ ಇಳಿಸಿದರು', '800 ರೂಪಾಯಿಗೆ ಇಳಿಸಿದರು' ಇವೆರಡನ್ನೂ ಒಂದೇ ಅಂತ ಓದಿಕೊಂಡು ಹೋಗೋರೂ ಇದ್ದಾರೆ, ಹುಷಾರು.

ರೈಲಿನ ಲೆಕ್ಕಕ್ಕೆ ಇಷ್ಟು ತಲೆನೋವಿಲ್ಲ. ವೇಗ ಗಂಟೆಗೆ ಇಷ್ಟು ಕಿ.ಮೀ. ಅಂತ, ಉದ್ದ ಮೀಟರಿನಲ್ಲಿ ಇದ್ದರೆ ವೇಗವನ್ನ 5/18ರಿಂದ ಗುಣಿಸಿ, ಸೆಕೆಂಡಿಗೆ ಎಷ್ಟು ಮೀಟರ್ ಅಂತ ಸಿಗುತ್ತೆ. ಪ್ಲಾಟ್‌ಫಾರ್ಮ್ ದಾಟುವಾಗ ಅದರ ಉದ್ದವನ್ನೂ ರೈಲಿನ ಉದ್ದಕ್ಕೆ ಕೂಡಿ. ಮುಗೀತು.

ಒಂದು ವಾರ ಲೆಕ್ಕ ಬಿಡಿಸಲೇಬೇಡಿ. ಹಳೇ ಪ್ರಶ್ನೆಪತ್ರಿಕೆ ತಗೊಂಡು ಪ್ರತಿ ಶೇಕಡಾ ಲೆಕ್ಕದಲ್ಲೂ ನೂರು ಯಾವುದೋ ಅದರ ಕೆಳಗೆ ಗೆರೆ ಎಳೆಯಿರಿ, ಅಷ್ಟೇ. ಇದರಿಂದ ಶುರು ಮಾಡಿ: "ರಾಮನ ಸಂಬಳ ಶಾಮನ ಸಂಬಳಕ್ಕಿಂತ ಶೇ 25 ಹೆಚ್ಚು. ಹಾಗಾದರೆ ಶಾಮನ ಸಂಬಳ ರಾಮನ ಸಂಬಳಕ್ಕಿಂತ ಶೇಕಡಾ ಎಷ್ಟು ಕಡಿಮೆ?" ಮೊದಲ ವಾಕ್ಯದಲ್ಲಿ ಶಾಮ ನೂರು, ರಾಮ 125. ಎರಡನೇದರಲ್ಲಿ 'ಕ್ಕಿಂತ' ರಾಮನ ಸಂಬಳಕ್ಕೆ ಅಂಟಿಕೊಂಡಿದೆ, ಈಗ ಭಾಗಿಸೋದು 125ರಿಂದ. 25ನ್ನ 125ರಿಂದ ಭಾಗಿಸಿದರೆ ಶೇ 20.