ದುಬೈನಲ್ಲಿ ಕಟ್ಟಡದೊಳಗೆ ಸೊಪ್ಪು ಬೆಳೆಯಲು ಸರ್ಕಾರ ಯಾಕೆ ಕೈಜೋಡಿಸುತ್ತದೆ? ಬೆಂಗಳೂರಿಗೂ ಇದು ಬೇಕಾ?

ಮುಖ್ಯ ಕಾರಣ ಕರೆಂಟ್ ಖರ್ಚು. ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ ಬೆಳೆಯುವಾಗ ಬಿಸಿಲಿನ ಬದಲು ಎಲ್‌ಇಡಿ ದೀಪ ಬೇಕು. ಆ ದೀಪದ ಕಾವು ಇಳಿಸಲು ಎಸಿ ಬೇಕು. ಹೊರಗೆ 45 ಡಿಗ್ರಿ ಸುಡುತ್ತಿದ್ದರೆ ಬಿಲ್ ಇನ್ನೂ ಜಾಸ್ತಿ. ಮಾಲು ಕೊಳ್ಳುವವರು ಖಚಿತವಾಗಿ ಇದ್ದಾರೆ ಅನ್ನುವ ಭರವಸೆ ಇಲ್ಲದೆ ಖಾಸಗಿಯವರು ಅಷ್ಟು ದುಡ್ಡು ಹಾಕುವುದು ಕಷ್ಟ.

2022ರಲ್ಲಿ ದುಬೈನಲ್ಲಿ ಶುರುವಾದ ಬುಸ್ತಾನಿಕಾ ಎಂಬ ಇಂಥ ಒಳಾಂಗಣ ತೋಟದಲ್ಲಿ ಆ ಭರವಸೆ ಕೊಟ್ಟಿದ್ದು ಸರ್ಕಾರಿ ಒಡೆತನದ ಎಮಿರೇಟ್ಸ್ ವಿಮಾನಯಾನ ಗುಂಪಿನ ಅಡುಗೆ ಸಂಸ್ಥೆ. ಶುರುವಿನಲ್ಲಿ ತಂತ್ರಜ್ಞಾನ ಅಮೆರಿಕದ ಕ್ರಾಪ್ ಒನ್ ಕಂಪನಿಯದಾಗಿತ್ತು. ಸೊಪ್ಪು ವಿಮಾನದ ಊಟಕ್ಕೆ ಹೋಗುತ್ತದೆ, ಅಂಗಡಿಗಳಲ್ಲೂ ಮಾರಾಟವಾಗುತ್ತದೆ. ಬಯಲಿನ ಬೇಸಾಯಕ್ಕಿಂತ ನೀರು 95% ಕಡಿಮೆ ಸಾಕು ಎನ್ನುತ್ತಾರೆ. ಸಮುದ್ರದ ನೀರನ್ನು ಸಿಹಿ ಮಾಡಿ ಕುಡಿಯುವ ಊರಿಗೆ ಅದು ದೊಡ್ಡ ಉಳಿತಾಯ ಅಲ್ವಾ?

ಬೆಂಗಳೂರಿಗೆ ಮಾಲೂರು, ಹೊಸಕೋಟೆ ಕಡೆಯಿಂದ ತಾಜಾ ದಂಟು, ಮೆಂತ್ಯ ಬರುತ್ತದೆ. ಬಿಸಿಲು ಪುಕ್ಕಟೆ. ಇಲ್ಲಿ ಸರ್ಕಾರದ ದುಡ್ಡು ಮೊದಲು ಆ ರೈತರ ಕೆರೆಗಳಿಗೆ ಹೋಗಲಿ ಅನ್ನುವುದು ನನ್ನ ಆಸೆ.