ಎಂಜಿನ್ ಒಳಗ ಆ ನಿರಿಗಿ ಯಾಕ?

ಸರ್, ಹುಬ್ಬಳ್ಳಿ ಏರ್‌ಪೋರ್ಟಿನ್ಯಾಗ ನಿಂತಿದ್ದ ಸಣ್ಣ ಖಾಸಗಿ ಜೆಟ್ಟಿನ ಎಂಜಿನ್ ಹಿಂದ ಹೂವಿನ ಎಸಳಿನಂಥ ತಗಡು ಕಂಡಿತು, ಬಡಿದು ನೆಗ್ಗಿದ್ದೇನು ಅಂತ ಕೇಳೀರಿ. ನೆಗ್ಗಿಲ್ರಿ, ಬೇಕಂತನ ಹಂಗ ಮಾಡಿರ್ತಾರ. ಅದಕ್ಕ ಮಿಕ್ಸರ್ ಅಂತಾರ. (ಅಡಗಿಮನಿ ಮಿಕ್ಸರಿನಂಗ ತಿರಗೂದಿಲ್ಲ ಮತ್ತ, ಅಲ್ಲಾಡದ ನಿಂತಿರ್ತದ.)

ಇಂಥ ಜೆಟ್ಟಿಗೆ ಇರೋ ಟರ್ಬೋಫ್ಯಾನ್ (ಮುಂದ ಫ್ಯಾನ್ ಇರೋ ಜೆಟ್) ಎಂಜಿನ್ನಿನ್ಯಾಗ ಗಾಳೀದು ಎರಡು ಹರಿವು. ನಡುವ ಇಂಧನ ಸುಟ್ಟು ಟರ್ಬೈನ್ ದಾಟಿ ಬರೋ ಬಿಸಿ, ಜೋರು ಗಾಳಿ. ಅದರ ಸುತ್ತ ಮುಂದಿನ ಫ್ಯಾನ್ ತಳ್ಳಿದ ತಣ್ಣನ ಗಾಳಿ. ನಡುವ ಬರೇ ದುಂಡನ ಕೊಳವಿ ಇದ್ರ, ಎರಡೂ ಅಂಚಿನ್ಯಾಗಷ್ಟ ತಾಗಿ, ಕೂಡೂದರಾಗ ಹೊರಗ ಬಿದ್ದಬಿಡ್ತಾವ. ಅಂಚನ್ನ ಸೀರಿ ನಿರಿಗಿ ಹಂಗ ಮಡಚಿದ್ರ, ಅಷ್ಟ ಜಾಗಾದಾಗ ತಾಗೋ ಅಂಚು ಭಾಳ ಉದ್ದ ಆಗ್ತದ. ಬಿಸಿದು ಹೊರಗ, ತಣ್ಣಂದು ಒಳಗ ನುಗ್ಗಿ ಪಕ್ಕಪಕ್ಕ ಸುಳಿ ಏಳ್ತಾವ. ಕಲಸೋ ಖರೇ ಕೆಲಸ ಆ ಸುಳೀದು.

ಲಾಭ ಮುಖ್ಯ ಸದ್ದಿಂದು: ತಣ್ಣಂದರ ಕೂಡ ಕಲತ್ರ ಬಿಸಿ ಗಾಳಿ ವೇಗ ಇಳೀತದ. ಜೆಟ್ ಸದ್ದಿನ ಶಕ್ತಿ ಹೆಚ್ಚುಕಡಿಮಿ ವೇಗದ 8ನೇ ಘಾತದಂಗ ಏರ್ತದ ಅಂತ ಬ್ರಿಟಿಷ್ ಗಣಿತಜ್ಞ ಲೈಟ್‌ಹಿಲ್ 1952ರಾಗ ತೋರಿಸಿದ್ರು. ಲೆಕ್ಕಾ ಹಾಕ್ರಿ: ವೇಗ 10% ಇಳಿದ್ರ ಸದ್ದಿನ ಶಕ್ತಿ ಅರ್ಧಕ್ಕಿಂತ ಕಡಿಮಿ! ಇಂಧನದಾಗೂ ತುಸು ಉಳಿತಾಯ ಅದ.

ಹಂಗಾರ ಎಲ್ಲಾದ್ರಾಗೂ ಯಾಕಿಲ್ಲ? ತೂಕ, ತಿಕ್ಕಾಟ, ಉದ್ದನ ಕವಚ. ಏರ್‌ಬಸ್ ಎ340ರ ಸಿಎಫ್‌ಎಂ56-5ಸಿ ಎಂಜಿನ್ನಿಗೆ ಮಿಕ್ಸರ್ ಅದ. ಫ್ಯಾನ್ ಭಾಳ ದೊಡ್ಡದಾದ ಹೊಸಾವಕ್ಕ ಸಾಮಾನ್ಯವಾಗಿ ಗಿಟ್ಟೂದಿಲ್ಲ. ಎಟಿಆರ್ ಬಂದಾಗ ಮಾತ್ರ ಹುಡುಕಬ್ಯಾಡ್ರಿ, ಅದು ಪ್ರೊಪೆಲರ್ ವಿಮಾನ.